ಶೇ. 56 ಅಂದರೆ ಅರವತ್ತರಲ್ಲಿ ಹದಿನೈದು: ಸಿಇಟಿ ಸೀಟು ಹಂಚಿಕೆಯ ಒಳಗೆ ಮೀಸಲಾತಿ

ಒಂದು ಖಾಸಗಿ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜು ಅಂದುಕೊಳ್ಳಿ. ಒಂದು ಬ್ರಾಂಚಿನಲ್ಲಿ 60 ಸೀಟು. ಇದರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ರ‍್ಯಾಂಕಿನ ಮೇಲೆ ತುಂಬುವುದು ಶೇ. 45. ಶೇ. 30 ಖಾಸಗಿ ಕಾಲೇಜುಗಳ ಒಕ್ಕೂಟ ತನ್ನದೇ ಪ್ರವೇಶ ಪರೀಕ್ಷೆಯ ಮೇಲೆ ತುಂಬುವ ಕಾಮೆಡ್‌-ಕೆ ಪಾಲು, ಎನ್‌ಆರ್‌ಐ ಸೇರಿ ಉಳಿದ ಶೇ. 25 ಆಡಳಿತ ಮಂಡಳಿಯ ಕೈಯಲ್ಲಿ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಸರ್ಕಾರಿ ಕೋಟಾ ಇನ್ನೂ ಸ್ವಲ್ಪ ಕಡಿಮೆ, ಶೇ. 40. ಈಗ 60ರ ಶೇ. 45 ಎಷ್ಟು? 27. ರಾಜ್ಯದ ಮೀಸಲಾತಿ ಅನ್ವಯವಾಗುವುದು ಈ 27ಕ್ಕೆ ಮಾತ್ರ. ಉಳಿದ 33 ಸೀಟಿಗೂ ಅದಕ್ಕೂ ಸಂಬಂಧವಿಲ್ಲ.

ಆ 27ನ್ನು ಈಗಿರುವ ಪ್ರಮಾಣದಲ್ಲಿ ಹಂಚಿ ನೋಡೋಣ. ಪರಿಶಿಷ್ಟ ಜಾತಿಗೆ ಶೇ. 17, ಲೆಕ್ಕದಲ್ಲಿ 4.59. ಪರಿಶಿಷ್ಟ ಪಂಗಡಕ್ಕೆ ಶೇ. 7, ಅಂದರೆ 1.89. ಇನ್ನು ಹಿಂದುಳಿದ ವರ್ಗಗಳ ಐದು ಗುಂಪು: ಪ್ರವರ್ಗ 1ಕ್ಕೆ ಶೇ. 4, ಅಂದರೆ 1.08. 2ಎಗೆ ಶೇ. 15, ಅಂದರೆ 4.05. 2ಬಿ ಮತ್ತು 3ಎಗೆ ತಲಾ ಶೇ. 4, ಮತ್ತೆ 1.08. 3ಬಿಗೆ ಶೇ. 5, ಅಂದರೆ 1.35. ಹತ್ತಿರದ ಪೂರ್ಣಸಂಖ್ಯೆಗೆ ತಂದರೆ ಕ್ರಮವಾಗಿ 5, 2, 1, 4, 1, 1, 1. ಒಟ್ಟು 15. ಜಿಎಂಗೆ, ಅಂದರೆ ಸಾಮಾನ್ಯ ಅರ್ಹತೆಗೆ, ಉಳಿಯುವುದು 12.

ಮೇಲಿನ ಶೇಕಡಾವಾರುಗಳ ಮೊತ್ತ ಶೇ. 56. ಟಿವಿ ಚರ್ಚೆಯಲ್ಲಿ ಕೇಳುವ ಆ ಶೇ. 56 ಈ ತರಗತಿಯೊಳಗೆ ಕೂತಾಗ 60ರಲ್ಲಿ 15 ಆಗುತ್ತದೆ, ನಾಲ್ಕರಲ್ಲೊಂದು. ಇಡೀ ಮೀಸಲಾತಿ ಚರ್ಚೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಖ್ಯೆ ಇದೇ. "ನಮ್ಮ ಹುಡುಗನ ಸೀಟು ರಿಸರ್ವೇಷನ್‌ನಲ್ಲಿ ಹೋಯಿತು" ಎಂದು ಬೇಸರಪಡುವ ಪೋಷಕರು, ಸಿಇಟಿ ರ‍್ಯಾಂಕನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಆ 33 ಸೀಟುಗಳ ಕಡೆಗೂ ಒಮ್ಮೆ ನೋಡಬೇಕು. ಅವುಗಳಲ್ಲಿ ಕಾಮೆಡ್‌-ಕೆ ಪಾಲಿಗೆ ಪರೀಕ್ಷೆಯಾದರೂ ಇದೆ. ಆಡಳಿತ ಮಂಡಳಿಯ 15 ಸೀಟುಗಳನ್ನು ನಿರ್ಧರಿಸುವುದು ಬಹುಮಟ್ಟಿಗೆ ಹಣ. ಹದಿನೈದಕ್ಕೆ ಹದಿನೈದು ಸರಿಸಮ. ಆದರೂ ಪ್ರತಿಭೆಯ ಪ್ರಶ್ನೆ ಏಳುವುದು ಒಂದು ಹದಿನೈದರ ಬಗ್ಗೆ ಮಾತ್ರ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಕಾನೂನು ಇಲ್ಲಿಗೆ ಬಂದು ನಿಂತಿದ್ದಕ್ಕೂ ಕಾರಣವಿದೆ. 2005ರ ಪಿ.ಎ. ಇನಾಮ್‌ದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅನುದಾನ ಪಡೆಯದ ಖಾಸಗಿ ಕಾಲೇಜುಗಳ ಮೇಲೆ ಸರ್ಕಾರ ತನ್ನ ಮೀಸಲಾತಿಯನ್ನು ಹೇರುವಂತಿಲ್ಲ ಎಂದಿತು. ಅದಕ್ಕೆ ಉತ್ತರವಾಗಿ ಸಂಸತ್ತು 93ನೇ ತಿದ್ದುಪಡಿ ತಂದು ಸಂವಿಧಾನಕ್ಕೆ 15(5)ನೇ ವಿಧಿ ಸೇರಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟು ಉಳಿದ ಖಾಸಗಿ ಕಾಲೇಜುಗಳಿಗೂ ಕಾನೂನಿನ ಮೂಲಕ ಮೀಸಲಾತಿ ವಿಸ್ತರಿಸಬಹುದು ಎನ್ನುವ ಅಧಿಕಾರ ಅದರಲ್ಲಿದೆ. 2014ರಲ್ಲಿ ಪ್ರಮತಿ ಪ್ರಕರಣದ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅಧಿಕಾರ ಸಿಕ್ಕಿ ಇಷ್ಟು ವರ್ಷವಾದರೂ ಖಾಸಗಿ ಕಾಲೇಜಿನ ಎಲ್ಲ ಸೀಟಿಗೂ ಮೀಸಲಾತಿ ತರುವ ಕೇಂದ್ರ ಕಾನೂನು ಬಂದಿಲ್ಲ. ನಮ್ಮಲ್ಲಿ ಆ ಶೇ. 45 ನಿಂತಿರುವುದು ಸರ್ಕಾರಕ್ಕೂ ಕಾಲೇಜು ಸಂಘಗಳಿಗೂ ಆಗುವ ಒಪ್ಪಂದದ ಮೇಲೆ.

ಸರ್ಕಾರಿ ಕಾಲೇಜಿನ ಮಾತು ಬೇರೆ. ಅಲ್ಲಿ ಬಹುತೇಕ ಎಲ್ಲ ಸೀಟೂ ಕೆಇಎ ಕೈಯಲ್ಲಿರುವುದರಿಂದ ಮೀಸಲಾತಿ ಪೂರ್ತಿಯಾಗಿ ಕೆಲಸ ಮಾಡುತ್ತದೆ. ಮೆಡಿಕಲ್ ಆದರೆ ಸರ್ಕಾರಿ ಕಾಲೇಜಿನ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅಲ್ಲಿ ರಾಜ್ಯದ ಪ್ರವರ್ಗಗಳು ನಡೆಯುವುದಿಲ್ಲ, ಕೇಂದ್ರದ ಪಟ್ಟಿ ನಡೆಯುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಶೇ. 50ರ ಗೆರೆ ಹುಟ್ಟಿದ್ದು ಮೈಸೂರಿನ ಸೀಟುಗಳಿಂದ

ಇಡೀ ದೇಶ ಮಾತಾಡುವ ಶೇ. 50ರ ಮಿತಿ ಹುಟ್ಟಿದ್ದು ನಮ್ಮ ರಾಜ್ಯದ ಮೆಡಿಕಲ್, ಎಂಜಿನಿಯರಿಂಗ್ ಪ್ರವೇಶದ ವ್ಯಾಜ್ಯದಿಂದ. ನಾಗನಗೌಡ ಸಮಿತಿಯ ವರದಿಯ ನಂತರ ಮೈಸೂರು ಸರ್ಕಾರ 1962ರ ಜುಲೈ 31ರಂದು ಹೊರಡಿಸಿದ ಆದೇಶದಲ್ಲಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 3, ಒಟ್ಟು ಶೇ. 68 ಮೀಸಲಾಗಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಇಂಥ ಮೀಸಲಾತಿ ಸಾಮಾನ್ಯವಾಗಿ ಶೇ. 50ಕ್ಕಿಂತ ಕಡಿಮೆ ಇರಬೇಕು ಎಂದಿತು. ಮೂವತ್ತು ವರ್ಷದ ನಂತರ 1992ರಲ್ಲಿ ಇಂದ್ರಾ ಸಾಹ್ನಿ ಪ್ರಕರಣದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನೇ ಗಟ್ಟಿ ಮಾಡಿತು.

ಬಾಲಾಜಿ ತೀರ್ಪಿನ ಬೆನ್ನಿಗೇ ಬಂದ ಇನ್ನೊಂದು ಮೈಸೂರು ಪ್ರಕರಣ 1964ರ ಚಿತ್ರಲೇಖಾ. ಆಗ ಸರ್ಕಾರ ಜಾತಿಯನ್ನು ಬಿಟ್ಟು ಆದಾಯ ಮತ್ತು ವೃತ್ತಿಯ ಮೇಲೆ ಹಿಂದುಳಿದವರನ್ನು ಗುರುತಿಸಿತ್ತು. ಪರೀಕ್ಷೆಯ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತ್ತು. ನ್ಯಾಯಾಲಯ ಎರಡನ್ನೂ ಒಪ್ಪಿತು. ಆದರೆ ಸಂದರ್ಶನ ಕೊಠಡಿಯಲ್ಲಿ ಯಾರ ಮಗ, ಯಾವ ಊರು, ಇಂಗ್ಲಿಷ್ ಹೇಗಿದೆ ಎನ್ನುವುದೇ ಕಾಲು ಭಾಗ ಅಂಕವಾಗುವ ಅಪಾಯ ಎಷ್ಟಿತ್ತೆಂದು ಯೋಚಿಸಿ. ಇವತ್ತಿನ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಸಂದರ್ಶನವೇ ಇಲ್ಲ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, 180 ಅಂಕದ ಸಿಇಟಿ ಅರ್ಧ. ಸಿಇಟಿಯನ್ನು ಎಷ್ಟೇ ಬೈದರೂ ಹಳ್ಳಿಯ ಮಕ್ಕಳಿಗೆ ಇದೊಂದು ದೊಡ್ಡ ರಕ್ಷಣೆ.

ಈಗಿನ ಶೇ. 56 ಬಂದದ್ದು 2022ರ ಕೊನೆಯಲ್ಲಿ ರಾಜ್ಯ ಕಾಯ್ದೆಯ ಮೂಲಕ ಪರಿಶಿಷ್ಟ ಜಾತಿಯ ಪ್ರಮಾಣ 15ರಿಂದ 17ಕ್ಕೆ, ಪಂಗಡದ ಪ್ರಮಾಣ 3ರಿಂದ 7ಕ್ಕೆ ಏರಿದಾಗ. ಹಿಂದುಳಿದ ವರ್ಗಗಳ ಶೇ. 32 ಹಾಗೇ ಉಳಿಯಿತು. ಶೇ. 50 ದಾಟಿದ್ದಕ್ಕೆ ಈ ಕಾಯ್ದೆ ನ್ಯಾಯಾಲಯದಲ್ಲಿ ಪ್ರಶ್ನೆಗೆ ಒಳಗಾಗಿದೆ. ಪರಿಶಿಷ್ಟ ಜಾತಿಯ ಒಳಗೂ ಹಂಚಿಕೆಯ ಮಾತು ಬಂದಿದೆ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ತೆರೆಯಿತು, 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಶೇ. 17ನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚಲು ತೀರ್ಮಾನಿಸಿತು. ಹೀಗಾಗಿ ಮೇಲಿನ ಲೆಕ್ಕವನ್ನು ವಿಧಾನ ತಿಳಿಯಲು ಇಟ್ಟುಕೊಳ್ಳಿ. ನಿಮ್ಮ ವರ್ಷದ ಅಂಕಿಗೆ ಕೆಇಎ ಪ್ರಕಟಿಸುವ ಸೀಟ್ ಮ್ಯಾಟ್ರಿಕ್ಸ್, ಅಂದರೆ ಕಾಲೇಜುವಾರು ಸೀಟಿನ ಪಟ್ಟಿ, ತೆರೆದು ನೋಡಬೇಕು.

ನಾಲ್ಕು ಸೀಟಿನೊಳಗೆ ಮತ್ತೆ ಮೂರು ಪಾಲು

ಜಾತಿ, ಪಂಗಡ, ಪ್ರವರ್ಗದ ಮೀಸಲಾತಿ ಲಂಬ. ಅದರ ಒಳಗೇ ಅಡ್ಡ ಹಾಯುವ ಸಮತಲ ಮೀಸಲಾತಿಗಳಿವೆ. ಗ್ರಾಮೀಣ ವ್ಯಾಸಂಗಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಇದು ಜಿಎಂ ಸೇರಿ ಪ್ರತಿ ಪ್ರವರ್ಗದೊಳಗೂ ಅನ್ವಯ. ಕೆಇಎ ಪಟ್ಟಿಯಲ್ಲಿ ಕಾಣುವ 2ಎಜಿ, 2ಎಆರ್, 2ಎಕೆ ಅಂದರೆ ಇದೇ: ಮೊದಲು ಪ್ರವರ್ಗ, ಕೊನೆಯ ಅಕ್ಷರ ಜಿ ಆದರೆ ಆ ಪ್ರವರ್ಗದ ಎಲ್ಲರಿಗೂ, ಆರ್ ಆದರೆ ಗ್ರಾಮೀಣ, ಕೆ ಆದರೆ ಕನ್ನಡ ಮಾಧ್ಯಮ. ಎಚ್ ಸೇರಿದ್ದರೆ ಕಲ್ಯಾಣ ಕರ್ನಾಟಕದ್ದು.

371(ಜೆ) ವಿಧಿಯ ಪ್ರಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಒಳಗಿನ ಕಾಲೇಜುಗಳಲ್ಲಿ ಶೇ. 70 ಸೀಟು ಅಲ್ಲಿನವರಿಗೆ. ಹೊರಗಿನ ಕಾಲೇಜುಗಳಲ್ಲಿ ಶೇ. 8. ನಮ್ಮ 27 ಸೀಟಿನ ಕಾಲೇಜು ಬೆಂಗಳೂರಿನಲ್ಲಿದ್ದರೆ ಕಲ್ಯಾಣ ಕರ್ನಾಟಕದ ಪಾಲು ಸುಮಾರು 2, ಕಲಬುರಗಿಯಲ್ಲಿದ್ದರೆ ಸುಮಾರು 19. ರಾಯಚೂರಿನ ಒಬ್ಬ ವಿದ್ಯಾರ್ಥಿನಿಗೆ ಒಂದು ಪ್ರಮಾಣಪತ್ರ ಇದ್ದರೆ ಆಗುವ ವ್ಯತ್ಯಾಸ ಎಷ್ಟು ದೊಡ್ಡದು ಎನ್ನುವುದು ಈ ಎರಡು ಸಂಖ್ಯೆಯಲ್ಲೇ ಇದೆ.

ಈಗ ಭಿನ್ನರಾಶಿಯ ಕಷ್ಟಕ್ಕೆ ಬನ್ನಿ. 2ಎಗೆ ಸಿಕ್ಕ 4 ಸೀಟಿನ ಶೇ. 15 ಅಂದರೆ 0.6. ಶೇ. 5 ಅಂದರೆ 0.2. ಅರ್ಧ ಸೀಟು, ಕಾಲು ಸೀಟು ಕೊಡಲಾಗದು. ಅದಕ್ಕೇ ಒಂದು ಬ್ರಾಂಚಿನಲ್ಲಿ 2ಎಆರ್ ಇರುತ್ತದೆ, ಪಕ್ಕದ ಬ್ರಾಂಚಿನಲ್ಲಿ ಇರುವುದಿಲ್ಲ. ಒಂದು ಕಾಲೇಜಿನಲ್ಲಿ 2ಎಕೆ ಕಾಣುತ್ತದೆ, ಇನ್ನೊಂದರಲ್ಲಿ ಹುಡುಕಿದರೂ ಸಿಗುವುದಿಲ್ಲ. "ಕನ್ನಡ ಮಾಧ್ಯಮ ಕೋಟಾ ಇದೆ" ಎಂದ ಮಾತ್ರಕ್ಕೆ ನಿಮಗೆ ಬೇಕಾದ ಕಾಲೇಜಿನ ಬೇಕಾದ ಬ್ರಾಂಚಿನಲ್ಲಿ ಅದು ಇದೆ ಎಂದಲ್ಲ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ತುಂಬುವುದಕ್ಕೆ, ಮುಂಚೆ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ನಿಮ್ಮ ಕೋಡಿನ ಕಾಲಂ ಹಿಡಿದು, ಎಲ್ಲೆಲ್ಲಿ 1 ಅಥವಾ ಹೆಚ್ಚು ಇದೆ ಎಂದು ಗುರುತು ಹಾಕಿಕೊಳ್ಳಿ. ಬೇಸರದ ಕೆಲಸ, ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಇದೇ ಕಾರಣಕ್ಕೆ ಹಿಂದಿನ ವರ್ಷದ ಕಟ್‌ಆಫ್ ನೋಡುವಾಗ ಎಚ್ಚರ ಬೇಕು. ಜಿಎಂ ಕಾಲಂನ ಕಟ್‌ಆಫ್ ಹಲವು ಜನರ ಪೈಕಿ ಕೊನೆಯವರದ್ದು, ವರ್ಷದಿಂದ ವರ್ಷಕ್ಕೆ ಹೆಚ್ಚು ಅಲ್ಲಾಡುವುದಿಲ್ಲ. ಒಂದೇ ಸೀಟು ಇರುವ 2ಎಕೆ, 3ಬಿಆರ್ ಕಟ್‌ಆಫ್ ಅಂದರೆ ಆ ವರ್ಷ ಆ ಸೀಟು ತೆಗೆದುಕೊಂಡ ಒಬ್ಬರ ರ‍್ಯಾಂಕು, ಅಷ್ಟೇ. ಮುಂದಿನ ವರ್ಷ ಅದು ಸಾವಿರಾರು ರ‍್ಯಾಂಕ್ ಮೇಲೆ ಕೆಳಗೆ ಆಗಬಹುದು. ಅದನ್ನು ನೋಡಿ "ನನಗೆ ಇಲ್ಲಿ ಸಿಗಲ್ಲ" ಎಂದು ಕಾಲೇಜನ್ನು ಪಟ್ಟಿಯಿಂದ ತೆಗೆಯುವುದು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅಂಥ ಕೋಟಾದಲ್ಲಿರುವವರು ಮೂರು ವರ್ಷದ ಕಟ್‌ಆಫ್ ಪಕ್ಕಪಕ್ಕ ಇಟ್ಟು ನೋಡಿ. ಆಗಲೂ ಅದನ್ನು ನಂಬಿ ಪಟ್ಟಿ ಮೊಟಕು ಮಾಡಬೇಡಿ.

ಕಾಗದ ಎಲ್ಲಿ ಕೈಕೊಡುತ್ತದೆ

ಮೀಸಲಾತಿ ಸಿಗಬೇಕಾದವರಿಗೆ ತಪ್ಪುವುದು ಹೆಚ್ಚಾಗಿ ಇಲ್ಲಿ. ರಾಜ್ಯದ ನಮೂನೆಗಳು ಮೂರು. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಮೊದಲೆರಡಕ್ಕೆ ಕೆನೆಪದರದ, ಅಂದರೆ ಅನುಕೂಲಸ್ಥರನ್ನು ಹೊರಗಿಡುವ, ಪ್ರಶ್ನೆಯಿಲ್ಲ, ಜಾತಿ ಪ್ರಮಾಣಪತ್ರ ಜೀವಮಾನಕ್ಕೂ ನಡೆಯುತ್ತದೆ. ನಮೂನೆ ಎಫ್‌ನಲ್ಲಿ ಆದಾಯವೂ ಸೇರಿರುತ್ತದೆ, ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ, ಅವಧಿ ಐದು ವರ್ಷ. ಒಂಬತ್ತನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ ಪತ್ರ ಪಿಯುಸಿ ಮುಗಿಯುವ ಹೊತ್ತಿಗೂ ನಡೆಯಬಹುದು, ಏಳನೇ ತರಗತಿಯಲ್ಲಿ ಮಾಡಿಸಿದ್ದು ನಡೆಯುವುದಿಲ್ಲ. ಪತ್ರದ ಮೇಲಿನ ದಿನಾಂಕ ನೋಡುವುದಕ್ಕೆ ಒಂದು ನಿಮಿಷ ಸಾಕು, ನೋಡದೇ ಸಿಇಟಿ ಅರ್ಜಿ ತುಂಬಲು ಕೂತವರು ಕೊನೆಯ ವಾರ ನಾಡಕಚೇರಿಯ ಸಾಲಿನಲ್ಲಿ ನಿಲ್ಲುತ್ತಾರೆ.

ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಅದನ್ನು ತುಂಬಿದರೆ ಕೆಇಎ ತಂತ್ರಾಂಶ ಕಂದಾಯ ಇಲಾಖೆಯ ದತ್ತಾಂಶದ ಜೊತೆ ತಾಳೆ ನೋಡುತ್ತದೆ. ಹೆಸರು ಹೊಂದದಿದ್ದರೆ ಕ್ಲೇಮು ಅಲ್ಲೇ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಎಚ್", ಜಾತಿ ಪತ್ರದಲ್ಲಿ "ಮಂಜುನಾಥ ಹನುಮಂತಪ್ಪ", ಆಧಾರ್‌ನಲ್ಲಿ "ಮಂಜು" ಎಂದಿದ್ದರೆ ಮೂವರು ಬೇರೆ ಬೇರೆ ಮನುಷ್ಯರಾಗಿಬಿಡುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರನ್ನು ಮೂಲವಾಗಿಟ್ಟುಕೊಂಡು ಉಳಿದೆರಡನ್ನು ಅದಕ್ಕೆ ಸರಿಯಾಗಿ ತಿದ್ದಿಸುವುದು ಸುಲಭದ ದಾರಿ. ಅಂಕಪಟ್ಟಿಯನ್ನೇ ತಿದ್ದಿಸಲು ಹೊರಟರೆ ವರ್ಷವೇ ಹಿಡಿಯಬಹುದು. ಇನ್ನೊಂದು: ಪತ್ರ ವಿದ್ಯಾರ್ಥಿಯ ಹೆಸರಿನಲ್ಲಿರಬೇಕು. ಅಪ್ಪನ ಹೆಸರಿನ ಜಾತಿ ಪತ್ರವೋ ಅಣ್ಣನ ಪತ್ರವೋ ಇಲ್ಲಿ ನಡೆಯುವುದಿಲ್ಲ.

ಗ್ರಾಮೀಣ ಕೋಟಾದ ನಿಯಮ ಬಹಳ ಜನಕ್ಕೆ ತಪ್ಪಾಗಿ ಗೊತ್ತಿದೆ. ನೋಡುವುದು ಎಲ್ಲಿ ವಾಸವಿದ್ದಿರಿ ಎಂದಲ್ಲ, ಎಲ್ಲಿ ಓದಿದಿರಿ ಎಂದು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿರಬೇಕು. ಹಳ್ಳಿಯಲ್ಲಿ ಹುಟ್ಟಿ ಬೆಳೆದು, ದಿನಾ ಬಸ್ಸು ಹತ್ತಿ ಪಟ್ಟಣದ ಕಾನ್ವೆಂಟಿಗೆ ಹೋದ ಮಗುವಿಗೆ ಇದು ಸಿಗುವುದಿಲ್ಲ. ಊರಿನಲ್ಲಿ ಏಳನೇ ತರಗತಿವರೆಗೆ ಮಾತ್ರ ಶಾಲೆ ಇದ್ದು, ಎಂಟಕ್ಕೆ ತಾಲ್ಲೂಕು ಕೇಂದ್ರಕ್ಕೆ ಹೋಗಲೇಬೇಕಾದ ಮಗುವಿಗೂ ಸಿಗುವುದಿಲ್ಲ. ಎರಡನೆಯದು ನಿಯಮದ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಹೈಸ್ಕೂಲೇ ಇಲ್ಲದ ಊರಿನ ಮಗು, ಹೈಸ್ಕೂಲಿರುವ ಊರಿನ ಮಗುವಿಗಿಂತ ಹಿಂದಿದೆ. ನಿಯಮ ಮಾತ್ರ ಅದನ್ನು ಪಟ್ಟಣದ ಮಗು ಎಂದು ಎಣಿಸುತ್ತದೆ. ಹತ್ತರಲ್ಲಿ ಏಳು ವರ್ಷ ಓದಿದವರಿಗೂ ಈ ಕೋಟಾ ತೆರೆದರೆ ತಪ್ಪಾಗದು.

ಊರೇ ಮಧ್ಯದಲ್ಲಿ ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೆ ಏರಿದ್ದರೆ ಇನ್ನೂ ತೊಡಕು. ಹತ್ತು ವರ್ಷದಲ್ಲಿ ಕೆಲವು ವರ್ಷ ಗ್ರಾಮೀಣ, ಕೆಲವು ವರ್ಷ ನಗರ ಎಂದಾಗುವ ಸಾಧ್ಯತೆ ಇದೆ. ಇಂಥವರು ಅರ್ಜಿಗೆ ಮೊದಲೇ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ, ಕಚೇರಿಯಲ್ಲಿ ಶಾಲೆಯ ವಿಳಾಸ ಯಾವ ವರ್ಷ ಯಾವ ವ್ಯಾಪ್ತಿಯಲ್ಲಿತ್ತು ಎಂದು ಕೇಳಿ ತಿಳಿದುಕೊಳ್ಳಬೇಕು. ಜಿಎಂ ವಿದ್ಯಾರ್ಥಿಗಳು ಗ್ರಾಮೀಣ ಕೋಟಾ ಕೇಳಿದರೆ ಕೆನೆಪದರದಲ್ಲಿಲ್ಲ ಎಂಬ ಪ್ರಮಾಣಪತ್ರವೂ ಬೇಕು. ಇದು ಗೊತ್ತಿಲ್ಲದೆ ವ್ಯಾಸಂಗ ಪತ್ರವೊಂದನ್ನೇ ಹಿಡಿದು ಬರುವವರಿದ್ದಾರೆ. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷದ ಲೆಕ್ಕ. ಆರನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿದ್ದರೆ ಕೋಟಾ ಇಲ್ಲ. ಎರಡನ್ನೂ ಈಗ ಶಾಲೆಯ ಸ್ಯಾಟ್ಸ್, ಅಂದರೆ ವಿದ್ಯಾರ್ಥಿಗಳ ಆನ್‌ಲೈನ್, ದಾಖಲೆಯಿಂದ ಪರಿಶೀಲಿಸುವುದರಿಂದ, ಸ್ಯಾಟ್ಸ್‌ನಲ್ಲಿ ಮಾಧ್ಯಮ ತಪ್ಪಾಗಿ ದಾಖಲಾಗಿದ್ದರೆ ಮುಖ್ಯಶಿಕ್ಷಕರನ್ನು ಹಿಡಿದು ಮೊದಲೇ ಸರಿಪಡಿಸಿಕೊಳ್ಳಬೇಕು. ಕಲ್ಯಾಣ ಕರ್ನಾಟಕದ ಅರ್ಹತಾ ಪತ್ರ ತಹಶೀಲ್ದಾರ್ ಕೊಡುವುದಲ್ಲ, ಉಪವಿಭಾಗಾಧಿಕಾರಿ ಕೊಡುವುದು. ವಾರಗಟ್ಟಲೆ ಹಿಡಿಯಬಹುದು, ಪಿಯುಸಿ ಪರೀಕ್ಷೆಗೆ ಮುಂಚೆಯೇ ಅರ್ಜಿ ಹಾಕಿಡಿ.

ಗಡಿನಾಡಿನವರಿಗೆ ಒಂದು ಮಾತು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳ, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡ, ತುಳು, ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಸಿಇಟಿ ಅರ್ಹತೆಯಲ್ಲಿ ಪ್ರತ್ಯೇಕ ಕಲಂ ಇದೆ. ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಯ ದಿನಾಂಕ ತಪ್ಪಿದರೆ ರ‍್ಯಾಂಕು ಎಷ್ಟಿದ್ದರೂ ಉಪಯೋಗವಿಲ್ಲ.

ಆಪ್ಷನ್ ಎಂಟ್ರಿ: ಯಂತ್ರ ಹೇಗೆ ಯೋಚಿಸುತ್ತದೆ

ಸೀಟು ಹಂಚುವ ತಂತ್ರಾಂಶ ಒಂದನೇ ರ‍್ಯಾಂಕಿನಿಂದ ಶುರುಮಾಡಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಮೊದಲ ಆಪ್ಷನ್ ನೋಡುತ್ತದೆ. ಅಲ್ಲಿ ಜಿಎಂ ಸೀಟು ಉಳಿದಿದ್ದರೆ ಅದನ್ನೇ ಕೊಡುತ್ತದೆ, ನೀವು ಯಾವ ಪ್ರವರ್ಗದವರಾದರೂ ಸರಿ. ಜಿಎಂ ಮುಗಿದಿದ್ದರೆ ನೀವು ಅರ್ಹತೆ ಪಡೆದ ಬೇರೆ ಕೋಟಾಗಳಲ್ಲಿ ಹುಡುಕುತ್ತದೆ. ಅಲ್ಲೂ ಇಲ್ಲದಿದ್ದರೆ ಮಾತ್ರ ಎರಡನೇ ಆಪ್ಷನ್‌ಗೆ ಇಳಿಯುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಒಂದು, ಜಿಎಂ ಅನ್ನುವುದು ಯಾವುದೇ ಜಾತಿಗೆ ಮೀಸಲಾದ ಪಾಲಲ್ಲ, ಎಲ್ಲರಿಗೂ ತೆರೆದ ಪಾಲು. ಗೊಲ್ಲರ ಹುಡುಗಿ, ಕುರುಬರ ಹುಡುಗ ಒಳ್ಳೆಯ ರ‍್ಯಾಂಕ್ ತಂದು ಜಿಎಂ ಸೀಟು ಪಡೆದರೆ ಅದು ಅವರ ಪ್ರವರ್ಗದ ಲೆಕ್ಕಕ್ಕೆ ಸೇರುವುದಿಲ್ಲ. ಜಾತಿ ಪತ್ರ ಕೊಟ್ಟರೆ ಜಿಎಂ ಅವಕಾಶ ತಪ್ಪುತ್ತದೆ ಎನ್ನುವ ಹೆದರಿಕೆ ಇನ್ನೂ ಕೆಲವು ಮನೆಗಳಲ್ಲಿದೆ. ಹಾಗೇನೂ ಆಗುವುದಿಲ್ಲ. ಪ್ರವರ್ಗ ಕ್ಲೇಮು ಮಾಡಿದವರಿಗೆ ಬಾಗಿಲು ಹೆಚ್ಚುತ್ತವೆಯೇ ಹೊರತು ಒಂದೂ ಮುಚ್ಚುವುದಿಲ್ಲ.

ಎರಡು, ಆಪ್ಷನ್‌ಗಳ ಕ್ರಮ ನಿಮ್ಮ ನಿಜವಾದ ಆಸೆಯ ಕ್ರಮವೇ ಆಗಿರಬೇಕು. "ಸಿಗುವುದನ್ನು ಮೇಲೆ ಹಾಕೋಣ, ಸೇಫ್" ಎಂದು ಸಲಹೆ ಕೊಡುವವರು ಸೈಬರ್ ಸೆಂಟರ್‌ನಲ್ಲಿ ಬೇಕಾದಷ್ಟು ಸಿಗುತ್ತಾರೆ. ಮೇಲಿನ ಆಪ್ಷನ್ ಸಿಗದೇ ಹೋದರೆ ಕೆಳಗಿನದ್ದಕ್ಕೆ ಯಾವ ನಷ್ಟವೂ ಆಗದು, ಏಕೆಂದರೆ ನಿಮ್ಮ ಸರದಿಯಲ್ಲೇ ಇಡೀ ಪಟ್ಟಿಯ ಪರಿಶೀಲನೆ ಮುಗಿಯುತ್ತದೆ. ಸುಲಭದ ಕಾಲೇಜನ್ನು ಮೇಲೆ ಹಾಕಿದರೆ ಮಾತ್ರ ಅದೇ ಸಿಕ್ಕಿ, ಕೆಳಗಿದ್ದ ಒಳ್ಳೆಯ ಕಾಲೇಜು ಕೈತಪ್ಪುತ್ತದೆ. ಮೀಸಲು ಕೋಟಾದ ಮಕ್ಕಳು ಈ ಸಲಹೆಗೆ ಹೆಚ್ಚು ಬಲಿಯಾಗುತ್ತಾರೆ. ಮನೆಯಲ್ಲಿ ಮೊದಲ ಬಾರಿ ಡಿಗ್ರಿಗೆ ಹೋಗುತ್ತಿರುವವರಿಗೆ "ಅದು ನಿಮ್ಮಂಥವರಿಗೆ ಸಿಗಲ್ಲ" ಎನ್ನುವ ಮಾತನ್ನು ನಂಬಿಸುವುದು ಸುಲಭ. ದಯವಿಟ್ಟು ನಂಬಬೇಡಿ. ನೂರು ಆಪ್ಷನ್ ಹಾಕಿದರೂ ತಪ್ಪಿಲ್ಲ.

ನಿಜವಾದ ಹಂಚಿಕೆಗೆ ಮುಂಚೆ ಮಾದರಿಯಾಗಿ ಮಾಡುವ ಅಣಕು ಹಂಚಿಕೆಯ ಫಲಿತಾಂಶ ಬಂದಾಗ ಸೀಟಿನ ಹೆಸರಿನ ಜೊತೆ ಯಾವ ಕೋಟಾದಲ್ಲಿ ಬಂದಿದೆ ಎಂದೂ ನೋಡಿ. ನೀವು 2ಎ ಗ್ರಾಮೀಣ ಎಂದು ಕ್ಲೇಮು ಮಾಡಿದ್ದು, ಪರಿಶೀಲನಾ ಪತ್ರದಲ್ಲಿ ಅದು ಜಿಎಂ ಎಂದು ಮಾತ್ರ ಇದ್ದರೆ ಎಲ್ಲೋ ದಾಖಲೆ ತಿರಸ್ಕೃತವಾಗಿದೆ. ಸರಿಪಡಿಸಲು ಸಮಯ ಸಿಗುವುದು ಆಗಲೇ, ಅಂತಿಮ ಸುತ್ತಿನ ನಂತರವಲ್ಲ.

ಸೀಟು ಸಿಕ್ಕ ಮೇಲೆ ನಾಲ್ಕು ಚಾಯ್ಸ್. 1 ಒತ್ತಿದರೆ ಒಪ್ಪಿಗೆ, ಶುಲ್ಕ ಕಟ್ಟಿ ಕಾಲೇಜಿಗೆ ಹೋಗಬೇಕು. 2 ಒತ್ತಿದರೆ ಸೀಟು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್‌ಗೆ ಕಾಯುವುದು. 3 ಒತ್ತಿದರೆ ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. 4 ಅಂದರೆ ಪೂರ್ತಿ ಹೊರಗೆ. ಚಾಯ್ಸ್ 2ಕ್ಕೂ ಈಚಿನ ವರ್ಷಗಳಲ್ಲಿ ಶುಲ್ಕ ಕಟ್ಟಿಸಿಕೊಳ್ಳುವ ನಿಯಮ ಬಂದಿರುವುದರಿಂದ ಆ ದಿನಗಳಿಗೆ ಹಣ ಹೊಂದಿಸಿಕೊಂಡಿರಬೇಕು. ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ಬೇರೆಯವರಿಗೆ ಹೋಗುತ್ತದೆ, ಮತ್ತೆ ಬೇಕೆಂದರೂ ಸಿಗದು. ಆದ್ದರಿಂದ ನಿಮಗೆ ಈಗ ಸಿಕ್ಕಿದ್ದಕ್ಕಿಂತ ಕಡಿಮೆ ಇಷ್ಟದ ಕಾಲೇಜು ಮೇಲೆ ಉಳಿದಿದ್ದರೆ ಎರಡನೇ ಸುತ್ತಿಗೆ ಮುಂಚೆ ಅದನ್ನು ಅಳಿಸಿ.

ಹಣದ ಅಡಚಣೆ ಇರುವವರು ಎಸ್‌ಎನ್‌ಕ್ಯು, ಅಂದರೆ ಸೂಪರ್‌ನ್ಯೂಮರರಿ ಕೋಟಾ, ಮರೆಯಬಾರದು. ಮಂಜೂರಾದ ಸೀಟಿನ ಮೇಲೆ ಹೆಚ್ಚುವರಿ ಶೇ. 5, 60ಕ್ಕೆ 3 ಸೀಟು, ಬೋಧನಾ ಶುಲ್ಕ ಪೂರ್ತಿ ಮಾಫಿ. ಕುಟುಂಬದ ಆದಾಯ 8 ಲಕ್ಷದೊಳಗಿರುವ ಯಾವ ಜಾತಿಯವರಾದರೂ ಕೇಳಬಹುದು. ಅರ್ಜಿಯಲ್ಲೇ ಗುರುತು ಹಾಕಿರಬೇಕು, ಆದಾಯ ಪತ್ರ ಇರಬೇಕು.

ಒಂದೇ ಮಗು, ಎರಡು ಪಟ್ಟಿ

ರಾಜ್ಯದ ಹಿಂದುಳಿದ ವರ್ಗದ ಪಟ್ಟಿಯೂ ಕೇಂದ್ರದ ಒಬಿಸಿ ಪಟ್ಟಿಯೂ ಒಂದೇ ಅಲ್ಲ. 3ಎ, 3ಬಿಯಲ್ಲಿರುವ ಎಷ್ಟೋ ಸಮುದಾಯಗಳು ಕೇಂದ್ರದ ಪಟ್ಟಿಯಲ್ಲಿಲ್ಲ. ಹಾಗಾಗಿ ಕೆಇಎ ಮುಂದೆ 3ಬಿ ಆಗಿರುವ ವಿದ್ಯಾರ್ಥಿ ಸುರತ್ಕಲ್‌ನಲ್ಲಿರುವ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಗೋ ಮೆಡಿಕಲ್‌ನ ಅಖಿಲ ಭಾರತ ಕೋಟಾಕ್ಕೋ ಹೋದಾಗ ಸಾಮಾನ್ಯ ವರ್ಗ ಆಗಬಹುದು. ಅಲ್ಲಿ ಹಂಚಿಕೆ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ 7.5, ಒಬಿಸಿಗೆ 27, ಆರ್ಥಿಕವಾಗಿ ದುರ್ಬಲರಿಗೆ, ಅಂದರೆ ಇಡಬ್ಲ್ಯುಎಸ್‌ಗೆ, 10. ಮೆಡಿಕಲ್‌ನ ಅಖಿಲ ಭಾರತ ಕೋಟಾದಲ್ಲಿ ರಾಜ್ಯದ ಕಾಲೇಜುಗಳ ಸೀಟಿಗೆ ಈ ಒಬಿಸಿ ಪಾಲು ಸಿಕ್ಕಿದ್ದೇ 2021–22ರಿಂದ. 2022ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಪರೀಕ್ಷೆಯ ಅಂಕವೊಂದೇ ಪ್ರತಿಭೆಯ ಅಳತೆಯಲ್ಲ, ಆ ಅಂಕದ ಹಿಂದೆ ಕುಟುಂಬ, ಶಾಲೆ, ಕೋಚಿಂಗ್ ಕೊಟ್ಟ ಅನುಕೂಲಗಳೂ ಇರುತ್ತವೆ ಎಂಬರ್ಥದಲ್ಲಿ ವಿವರವಾಗಿ ಹೇಳಿದೆ. ಈ ವಿಷಯದಲ್ಲಿ ಆಸಕ್ತಿ ಇರುವವರು ಆ ತೀರ್ಪನ್ನು ಓದಲೇಬೇಕು.

ಕೇಂದ್ರದ ಒಬಿಸಿ ಪ್ರಮಾಣಪತ್ರದ ನಮೂನೆಯೇ ಬೇರೆ. ರಾಜ್ಯದ ನಮೂನೆ ಎಫ್ ಅಪ್‌ಲೋಡ್ ಮಾಡಿ ತಿರಸ್ಕಾರವಾಗುವುದು ಪ್ರತಿವರ್ಷದ ಕಥೆ. ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ಗೆ ಪತ್ರ ಆ ವರ್ಷದ ಏಪ್ರಿಲ್ 1ರ ನಂತರ ನೀಡಿದ್ದಾಗಿರಬೇಕು. ಕೇಂದ್ರದ ಕೆನೆಪದರದ 8 ಲಕ್ಷಕ್ಕೆ ಸಂಬಳ ಮತ್ತು ಕೃಷಿ ಆದಾಯ ಸೇರುವುದಿಲ್ಲ, ಪೋಷಕರ ಹುದ್ದೆಯ ದರ್ಜೆಯನ್ನು ಬೇರೆಯಾಗಿ ನೋಡುತ್ತಾರೆ. ಇಡಬ್ಲ್ಯುಎಸ್‌ನಲ್ಲಿ ಹಾಗಿಲ್ಲ, ಎಲ್ಲ ಆದಾಯವೂ ಸೇರಿ 8 ಲಕ್ಷದೊಳಗಿರಬೇಕು, ಐದು ಎಕರೆ ಅಥವಾ ಹೆಚ್ಚು ಕೃಷಿಭೂಮಿ ಇರಬಾರದು. ಮಳೆ ನಂಬಿದ ಐದು ಎಕರೆ ಒಣಭೂಮಿಗೂ ನೀರಾವರಿಯ ಐದು ಎಕರೆಗೂ ಈ ನಿಯಮದಲ್ಲಿ ವ್ಯತ್ಯಾಸವಿಲ್ಲ. ಬಯಲುಸೀಮೆಯ ರೈತ ಕುಟುಂಬಗಳಿಗೆ ಇದು ದೊಡ್ಡ ಅನ್ಯಾಯ.

ಸೀಟು ಸಿಕ್ಕ ನಂತರದ ಮೂರು ತಿಂಗಳು

ಹತ್ತು ವರ್ಷ ಕನ್ನಡದಲ್ಲಿ ಓದಿದವರು ಮೊದಲ ಸೆಮಿಸ್ಟರ್‌ನಲ್ಲಿ ಎಡವುವುದು ಗಣಿತದಲ್ಲಿ ಎಂದು ಕಾಲೇಜುಗಳು ಭಾವಿಸುತ್ತವೆ. ಹೆಚ್ಚಿನವರು ಎಡವುವುದು ಪಾಠ ನಡೆಯುವ ವೇಗದ ಇಂಗ್ಲಿಷ್‌ನಲ್ಲಿ, ಲ್ಯಾಬ್ ರೆಕಾರ್ಡ್ ಬರೆಯುವುದರಲ್ಲಿ, ಪ್ರಶ್ನೆ ಕೇಳಲು ಬಾಯಿ ತೆರೆಯುವುದರಲ್ಲಿ. ಮೊದಲ ಆಂತರಿಕ ಪರೀಕ್ಷೆಗೆ ಮುಂಚೆಯೇ ಕನ್ನಡದಲ್ಲಿ ಒಂದು ಸಂಜೆ ತರಗತಿ, ಪಾರಿಭಾಷಿಕ ಪದಗಳ ಎರಡು ಪುಟದ ಪಟ್ಟಿ, ಹಿರಿಯ ವಿದ್ಯಾರ್ಥಿಯೊಬ್ಬರ ಒಡನಾಟ, ಇಷ್ಟನ್ನು ಕೊಟ್ಟರೂ ಬಹಳಷ್ಟು ಬದಲಾಗುತ್ತದೆ. ಬೇರೆ ಬೇರೆ ಊರು, ಭಾಷೆ, ಜಾತಿಯ ಮಕ್ಕಳನ್ನು ಒಂದು ತರಗತಿಗೆ ತಂದು ಕೂರಿಸಿದ ಮೇಲೆ ಅಲ್ಲಿ ಉಳಿಸಿಕೊಳ್ಳುವ ಹೊಣೆ ಕಾಲೇಜಿನದು. ಮೊದಲ ದಿನವೇ ಎಲ್ಲರೆದುರು "ನಿನ್ನ ರ‍್ಯಾಂಕ್ ಎಷ್ಟು, ಯಾವ ಕೋಟಾ" ಎಂದು ಕೇಳುವ ಅಧ್ಯಾಪಕರು ಆ ಹೊಣೆಯನ್ನು ಅಲ್ಲೇ ಕೈಬಿಟ್ಟಂತೆ.

ಹಣದ ಕಡೆ, ರಾಜ್ಯದ ವಿದ್ಯಾರ್ಥಿವೇತನ ಬರುವುದು ಎಸ್‌ಎಸ್‌ಪಿ ಪೋರ್ಟಲ್ ಮೂಲಕ. ಅರ್ಜಿ ಮಂಜೂರಾಗಿಯೂ ಹಣ ಬಾರದಿದ್ದರೆ ಮೊದಲು ನೋಡಬೇಕಾದದ್ದು ಬ್ಯಾಂಕ್ ಖಾತೆ ಎನ್‌ಪಿಸಿಐನಲ್ಲಿ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ದಾಖಲೆಯಲ್ಲಿ, ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು. ಬ್ಯಾಂಕಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟಿದ್ದರೆ ಸಾಲದು, ಅದು ಕೆವೈಸಿ ಮಾತ್ರ. ಎನ್‌ಪಿಸಿಐ ಜೋಡಣೆಗೆ ಪ್ರತ್ಯೇಕ ಒಪ್ಪಿಗೆ ಪತ್ರ ಬರೆದುಕೊಡಬೇಕು. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಜೋಡಿಸಿದ ಖಾತೆಗೇ ಹಣ ಹೋಗುತ್ತದೆ. ಹಳೆಯ ಶೂನ್ಯ ಬಾಕಿಯ ಖಾತೆ ನಿಷ್ಕ್ರಿಯವಾಗಿದ್ದರೆ ಹಣ ವಾಪಸಾಗುತ್ತದೆ. ಪ್ರವೇಶ ಮುಗಿದ ವಾರದಲ್ಲೇ ಬ್ಯಾಂಕಿಗೆ ಹೋಗಿ ಇದನ್ನು ಖಚಿತಪಡಿಸಿಕೊಳ್ಳಿ, ಕಾಲೇಜಿನ ಶುಲ್ಕ ರಸೀದಿಯ ಸಂಖ್ಯೆ ಮತ್ತು ಕೆಇಎ ಪ್ರವೇಶ ಆದೇಶದ ಸಂಖ್ಯೆ ಎರಡನ್ನೂ ಒಂದೆಡೆ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ನವೀಕರಣ ಮಾಡುವಾಗ ಅವೆರಡನ್ನೂ ಮತ್ತೆ ಕೇಳುತ್ತಾರೆ.